ಸೀರೀಸ್ ನೋಡಿ ಮುಗಿಸಿದ ಮೇಲೆ 'ಚೆನ್ನಾಗಿತ್ತು' ಅನ್ನೋದರ ಬದಲು ಏನು ಬರೆಯೋದು

ಹತ್ತು ಎಪಿಸೋಡ್ ನೋಡಿರುತ್ತೀರಿ. ಅಂದರೆ ಹೆಚ್ಚೂಕಡಿಮೆ ಹತ್ತು ಗಂಟೆ ನಿದ್ದೆಗೆಟ್ಟಿರುತ್ತೀರಿ. ಮಾರನೇ ದಿನ ಯಾರಾದರೂ 'ಹೇಗಿತ್ತು?' ಅಂತ ಕೇಳಿದರೆ ಬಾಯಿಂದ ಬರೋದು ಒಂದೇ ಮಾತು, 'ಚೆನ್ನಾಗಿತ್ತು'. ಸ್ವಲ್ಪ ಮಾತುಗಾರರಾದರೆ ಕಥೆಯನ್ನು ಮೊದಲಿನಿಂದ ಹೇಳೋಕೆ ಕೂರುತ್ತಾರೆ, ಕೇಳುವವರು ಆಕಳಿಸುತ್ತಾರೆ. ಎರಡೂ ಪ್ರತಿಕ್ರಿಯೆ ಅಲ್ಲ. ಒಂದು ಮರ್ಯಾದೆಗೆ ಹೇಳಿದ್ದು, ಇನ್ನೊಂದು ವರದಿ ಒಪ್ಪಿಸಿದ್ದು. ನೋಡ್ತಾ ನೋಡ್ತಾ ನಿಮಗೆ ಏನಾಯಿತು ಅನ್ನೋದು ಎರಡರಲ್ಲೂ ಇಲ್ಲ.

ನಾನು ಕೆಲವು ವರ್ಷಗಳಿಂದ ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದೇನೆ. ಶುರುವಿನಲ್ಲಿ ಬರೀ ಸ್ಟಾರ್ ಕೊಡ್ತಾ ಇದ್ದೆ. ನಾಲ್ಕು ಸ್ಟಾರ್, ಮೂರೂವರೆ ಸ್ಟಾರ್, ಹೀಗೆ. ಎರಡು ವರ್ಷ ಬಿಟ್ಟು ತೆಗೆದು ನೋಡಿದರೆ ಒಂದು ಸೀರೀಸ್ ಹೆಸರಿನ ಮುಂದೆ ನಾಲ್ಕೂವರೆ ಸ್ಟಾರ್ ಇದೆ, ಅದರಲ್ಲಿ ಯಾರಿದ್ದರು, ಏನಾಯಿತು ಅಂತ ಒಂದು ಅಕ್ಷರವೂ ನೆನಪಿಲ್ಲ. ಆಮೇಲೆ ಬರೆಯೋ ರೀತಿಯನ್ನೇ ಬದಲಾಯಿಸಿದೆ. ಆ ರೀತಿ ಏನು ಅಂತ ಇಲ್ಲಿ ಹೇಳ್ತೀನಿ. ಗೆಳೆಯರಿಗೆ ಕಳಿಸೋಕಾಗಲಿ, ನಿಮಗೋಸ್ಕರವೇ ಆಗಲಿ, ಎರಡಕ್ಕೂ ನಡೆಯುತ್ತೆ.

ಮೊದಲು ಮೂರು ಸಾಲು

ಎಪಿಸೋಡ್ ಮುಗಿದು ಹೆಸರುಗಳು ಓಡುವಾಗಲೇ ಬರೆಯಿರಿ. ಹತ್ತು ನಿಮಿಷ ತಡವಾದರೂ ಪರವಾಗಿಲ್ಲ, ಆದರೆ ಬೇರೆಯವರು ಏನಂದಿದ್ದಾರೆ ಅಂತ ನೋಡುವ ಮುಂಚೆ ಬರೆಯಿರಿ. ಒಮ್ಮೆ ಅವರ ಮಾತು ಕಿವಿಗೆ ಬಿತ್ತೋ, ಮುಗೀತು, ನಿಮ್ಮದು ಯಾವುದು ಅವರದು ಯಾವುದು ಅಂತ ಆಮೇಲೆ ನಿಮಗೇ ಗೊತ್ತಾಗೋದಿಲ್ಲ. 'ಛಾಯಾಗ್ರಹಣ ಅದ್ಭುತ' ಅಂತ ಬರೆದುಬಿಡುತ್ತೀರಿ, ನೋಡುವಾಗ ಕ್ಯಾಮೆರಾ ಕಡೆ ನಿಮ್ಮ ಗಮನವೇ ಹೋಗಿರಲಿಲ್ಲ.

ಮೊದಲ ಸಾಲು: ಎಲ್ಲಿ ಬೆನ್ನು ನೆಟ್ಟಗಾಯಿತು. ಯಾವ ದೃಶ್ಯ, ಯಾವ ಮಾತು. ಎರಡನೇ ಸಾಲು: ಎಲ್ಲಿ ಕೈ ಫೋನ್ ಕಡೆ ಹೋಯಿತು. ಮೂರನೇ ಸಾಲು: ತಲೆಯಲ್ಲಿ ಉಳಿದ ಒಂದು ಪ್ರಶ್ನೆ. ಅಷ್ಟೇ.

ಈ ಎರಡನೇ ಸಾಲನ್ನು ಜನ ಬಿಟ್ಟುಬಿಡುತ್ತಾರೆ, ನನ್ನ ಪ್ರಕಾರ ಮುಖ್ಯವಾದದ್ದು ಅದೇ. ಬಾಯಿ ಸುಳ್ಳು ಹೇಳಬಹುದು, ಎಲ್ಲರೂ ಹೊಗಳುವ ಸೀರೀಸ್ ಅಂದರೆ ನಾವೂ ಹೊಗಳುತ್ತೇವೆ. ಕೈ ಹಾಗಲ್ಲ. ಬೇಜಾರಾದ ಕ್ಷಣ ಅದು ತಾನಾಗಿ ಫೋನ್ ಹುಡುಕುತ್ತೆ. 'ಇಪ್ಪತ್ತೆರಡನೇ ನಿಮಿಷ, ಇಬ್ಬರೂ ಕಾರಿನಲ್ಲಿ ಮಾತಾಡ್ತಾ ಇದ್ದಾಗ ಫೋನ್ ತೆಗೆದೆ' ಅಂತ ಬರೆದರೆ 'ಕಥೆ ಸ್ವಲ್ಪ ಎಳೆದ ಹಾಗಿದೆ' ಅನ್ನೋದಕ್ಕಿಂತ ಎಷ್ಟೋ ಉಪಯೋಗ. ಓದುವವರಿಗೂ ಅದು ಯಾವ ಜಾಗ ಅಂತ ಗೊತ್ತಾಗುತ್ತೆ, ಜಗಳ ಆಡೋಕಾದರೂ ಒಂದು ಜಾಗ ಸಿಗುತ್ತೆ.

ಒಂದು ಎಪಿಸೋಡ್‌ಗೆ ತೀರ್ಪು ಕೊಡೋ ಮುಂಚೆ

'ಆಂಡೋರ್' ಮೊದಲ ಎಪಿಸೋಡ್ ನೋಡಿದಾಗ ನನ್ನ ಎರಡನೇ ಸಾಲಿನಲ್ಲಿ ಮೂರು ಸಲ ಫೋನ್ ಬಂದಿದೆ. ಬಾಹ್ಯಾಕಾಶ ಯುದ್ಧಗಳ ಸ್ಟಾರ್ ವಾರ್ಸ್ ಲೋಕ ಅಂತಾರೆ, ಆದರೆ ಒಬ್ಬ ಮನುಷ್ಯ ಊರೆಲ್ಲಾ ಸುತ್ತಿ ಸುಳ್ಳು ಹೇಳಿಕೊಂಡು ಓಡಾಡ್ತಾ ಇದ್ದಾನೆ, ಇನ್ನೊಂದು ಕಡೆ ಒಬ್ಬ ಅಧಿಕಾರಿ ಯೂನಿಫಾರಂ ಸರಿಮಾಡಿಕೊಳ್ತಾ ಇದ್ದಾನೆ. ಇದೇನಪ್ಪಾ ಅನ್ನಿಸಿತು. ಆದರೆ 2022ರ ಸೆಪ್ಟೆಂಬರ್‌ನಲ್ಲಿ ಅವರು ಮೊದಲ ಮೂರು ಎಪಿಸೋಡ್‌ಗಳನ್ನು ಒಂದೇ ದಿನ ಬಿಟ್ಟಿದ್ದರು. ಅದು ಸುಮ್ನೆ ಅಲ್ಲ. ಮೂರೂ ಸೇರಿ ಒಂದು ಕಥೆ. ಮೂರನೆಯದರಲ್ಲಿ, ಮೊದಲ ಎರಡರಲ್ಲಿ ನಿಧಾನವಾಗಿ ಕಟ್ಟಿದ್ದೆಲ್ಲ ಒಂದೇ ಸಲ ಸಿಡಿಯುತ್ತೆ. 2025ರ ಎರಡನೇ ಸೀಸನ್‌ನಲ್ಲಿ ಇದನ್ನು ಮುಚ್ಚುಮರೆಯಿಲ್ಲದೆ ಮಾಡಿದರು: 12 ಎಪಿಸೋಡ್, ವಾರಕ್ಕೆ ಮೂರು, ಪ್ರತಿ ಮೂರಕ್ಕೆ ಕಥೆಯೊಳಗೆ ಒಂದು ವರ್ಷ ಮುಂದಕ್ಕೆ. ಹೀಗಿರುವಾಗ ಒಂದೊಂದೇ ಎಪಿಸೋಡ್ ಹಿಡಿದುಕೊಂಡು ತೀರ್ಪು ಕೊಟ್ಟರೆ ಅನ್ಯಾಯ.

ಹಾಗಾಗಿ ಮೊದಲು ಇದರ ಅಳತೆ ಯಾವುದು ಅಂತ ಕೇಳಿಕೊಳ್ಳಿ. ಒಂದೊಂದು ಎಪಿಸೋಡೂ ಬೇರೆ ಕಥೆಯೋ, ಮೂರು ಮೂರು ಸೇರಿ ಒಂದೋ, ಇಡೀ ಸೀಸನ್ನೇ ಒಂದೋ? 'ಬ್ಲ್ಯಾಕ್ ಮಿರರ್' 2011ರಲ್ಲಿ ಶುರುವಾದಾಗಿನಿಂದ ಹೆಚ್ಚೂಕಡಿಮೆ ಪ್ರತಿ ಎಪಿಸೋಡೂ ಬೇರೆ ಜನ, ಬೇರೆ ಕಥೆ. ಅದನ್ನು 'ಈ ಸೀಸನ್ ಹೇಗಿತ್ತು' ಅಂತ ಒಟ್ಟಾಗಿ ಕೇಳೋದೇ ತಪ್ಪು ಪ್ರಶ್ನೆ. 'ದ ಪಿಟ್' ಇದಕ್ಕೆ ತದ್ವಿರುದ್ಧ. ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಒಂದೇ ಪಾಳಿ, ಬೆಳಗ್ಗೆ 7ರಿಂದ ರಾತ್ರಿ 10ರವರೆಗೆ, ಒಂದು ಎಪಿಸೋಡ್‌ಗೆ ಒಂದು ಗಂಟೆ, ಮೊದಲ ಸೀಸನ್‌ನಲ್ಲಿ ಒಟ್ಟು 15. ನನ್ನ ಪರಿಚಯದ ಒಬ್ಬರು 'ಆ ರೋಗಿಯ ಕಥೆ ಅರ್ಧಕ್ಕೇ ಬಿಟ್ಟುಬಿಟ್ಟರು, ಏನಾದರು ಅಂತ ಹೇಳಲೇ ಇಲ್ಲ' ಅಂತ ಬೇಸರ ಮಾಡಿಕೊಂಡರು. ತುರ್ತು ವಿಭಾಗದಲ್ಲಿ ಕೆಲಸ ಮಾಡುವವರಿಗೂ ಅಷ್ಟೇ ತಾನೇ ಗೊತ್ತಿರೋದು, ರೋಗಿಯನ್ನು ಮೇಲಿನ ವಾರ್ಡಿಗೆ ಕಳಿಸಿದ ಮೇಲೆ ಮುಂದೇನಾಯಿತು ಅಂತ ಅವರಿಗೆ ಯಾರು ಹೇಳ್ತಾರೆ? ಅವರ ಬೇಸರ ನಿಜ, ಆದರೆ ಅದು ತಪ್ಪಿನ ಪಟ್ಟಿಗೆ ಸೇರಬೇಕಿರಲಿಲ್ಲ. ಅದು ಸೀರೀಸ್ ಅವರಿಗೆ ಕೊಡಬೇಕು ಅಂತಲೇ ಕೊಟ್ಟ ಬೇಸರ.

ತಂತ್ರ ಹೊಗಳೋದು ಸುಲಭ

2025ರ ಮಾರ್ಚ್‌ನಲ್ಲಿ 'ಅಡೊಲೆಸೆನ್ಸ್' ಬಂದಾಗ ಎಲ್ಲರೂ ಹೇಳಿದ್ದು ಒಂದೇ: 'ಒಂದೇ ಶಾಟ್ ಅಂತೆ!' ಹೌದು, ನಾಲ್ಕು ಎಪಿಸೋಡ್, ಪ್ರತಿಯೊಂದೂ ಕತ್ತರಿ ಹಾಕದ ಒಂದೇ ಶಾಟ್. ಇದು ಮಾಹಿತಿ ಆಯಿತು. ಪ್ರತಿಕ್ರಿಯೆ ಎಲ್ಲಿ?

ಇಲ್ಲಿ ಒಂದು ಸಣ್ಣ ಉಪಾಯ ಇದೆ. ತಂತ್ರದ ಹೆಸರು ಬರೆದ ತಕ್ಷಣ ಪಕ್ಕದಲ್ಲೇ 'ಅದರಿಂದ ನನಗೆ' ಅಂತ ಬರೆದು ಸಾಲು ಮುಗಿಸಿ. 'ಒಂದೇ ಶಾಟ್. ಅದರಿಂದ ನನಗೆ ಎಲ್ಲೂ ಉಸಿರು ಬಿಡೋಕೆ ಜಾಗ ಸಿಗಲಿಲ್ಲ.' ಇನ್ನೂ ಸ್ವಲ್ಪ ಒಳಗೆ ಹೋಗಿ. ಸಾಮಾನ್ಯವಾಗಿ ದೃಶ್ಯ ಕತ್ತರಿಸಿದಾಗ ನಮಗೆ ಒಂದು ಬಿಡುವು ಸಿಗುತ್ತೆ, ಕಣ್ಣು ಬೇರೆ ಕಡೆ ಹೋಗುತ್ತೆ. ಇಲ್ಲಿ 13 ವರ್ಷದ ಹುಡುಗನನ್ನು ಪೊಲೀಸರು ಬೆಳ್ಳಂಬೆಳಗ್ಗೆ ಮನೆಯಿಂದ ಎತ್ತಿಕೊಂಡು ಹೋಗ್ತಾರೆ, ಕ್ಯಾಮೆರಾ ಅವನ ಜೊತೆಗೇ ವ್ಯಾನ್ ಹತ್ತುತ್ತೆ, ಠಾಣೆಗೂ ಹೋಗುತ್ತೆ. ಆ ಪ್ರಯಾಣದ ಹೊತ್ತನ್ನು ಬೇರೆ ಸೀರೀಸ್ ಆಗಿದ್ದರೆ ಹಾರಿಸಿಬಿಡುತ್ತಿದ್ದರು. ಇಲ್ಲಿ ನಾವೂ ಕೂತಿರಬೇಕು. ಮೂರನೇ ಎಪಿಸೋಡ್‌ನಲ್ಲಂತೂ ಬಹುಪಾಲು ಒಂದೇ ಕೋಣೆ, ಮನಶ್ಶಾಸ್ತ್ರಜ್ಞೆ ಮತ್ತು ಹುಡುಗ, ಅಷ್ಟೇ. ಹುಡುಗನ ಪಾತ್ರ ಮಾಡಿದ ಓವನ್ ಕೂಪರ್‌ಗೆ ಅದು ಮೊದಲ ಪಾತ್ರ, ಆಮೇಲೆ 15ನೇ ವಯಸ್ಸಿಗೆ ಅಮೆರಿಕದ ಟಿವಿ ಪ್ರಶಸ್ತಿ ಎಮ್ಮಿ ಬಂತು. ಆದರೆ ನನ್ನ ನೋಟ್‌ಬುಕ್‌ನಲ್ಲಿ ಎಮ್ಮಿ ವಿಷಯ ಇಲ್ಲ. 'ಅವನು ಎದ್ದು ನಿಂತಾಗ ನಾನು ಕುರ್ಚಿಯಲ್ಲಿ ಹಿಂದಕ್ಕೆ ಸರಿದೆ. ಹುಡುಗ ಅವನು. ಅವನಿಗೆ ಹೆದರಿದೆ' ಅಂತ ಇದೆ. ಆ ಸಾಲು ಬರೆಯುವಾಗ ಸ್ವಲ್ಪ ಮುಜುಗರ ಆಗಿತ್ತು.

ಮುಜುಗರ ಆಗುವ ಸಾಲನ್ನು ಅಳಿಸಬೇಡಿ. ನಾನು ನೋಡಿದ ಹಾಗೆ ಅದೇ ನಿಜವಾದ ಪ್ರತಿಕ್ರಿಯೆ, ಉಳಿದದ್ದು ಅದರ ಸುತ್ತ ಕಟ್ಟಿದ ಬೇಲಿ.

ಸೈ-ಫೈ ಬಂದರೆ ಕೆಲಸ ಸ್ವಲ್ಪ ಬೇರೆ

ನಾಟಕೀಯ ಸೀರೀಸ್‌ನಲ್ಲಿ 'ಮನುಷ್ಯರು ಹೀಗೆ ಮಾಡ್ತಾರಾ?' ಅಂತ ಕೇಳಿದರೆ ಸಾಕು. ಸೈ-ಫೈನಲ್ಲಿ, ಅಂದರೆ ವಿಜ್ಞಾನ ಕಥೆಗಳಲ್ಲಿ, ಇನ್ನೊಂದು ಪ್ರಶ್ನೆ ಸೇರಿಕೊಳ್ಳುತ್ತೆ: ಈ ಲೋಕದ ಕಾನೂನು ಏನು, ಅದನ್ನು ಇವರೇ ಮುರಿದರಾ?

ಬಹಳ ಜನ ಇಲ್ಲೇ ಎಡವುತ್ತಾರೆ. 'ಇದು ನಿಜದಲ್ಲಿ ಸಾಧ್ಯವೇ ಇಲ್ಲ' ಅಂತ ಬರೆದು ಕೈತೊಳೆದುಕೊಳ್ಳುತ್ತಾರೆ. ಸಾಧ್ಯ ಇಲ್ಲ ಅಂತ ಮಾಡಿದವರಿಗೂ ಗೊತ್ತು. ನನ್ನ ಲೆಕ್ಕ ಹೀಗಿದೆ: ಪ್ರತಿ ಸೀರೀಸ್‌ಗೂ ಒಂದು ದೊಡ್ಡ ಸುಳ್ಳು ಮಾಫಿ. ಎರಡನೇ ಸುಳ್ಳಿಗೆ ಲೆಕ್ಕ ಕೇಳಬೇಕು. ಹಾಗಾಗಿ ಮೊದಲ ಎಪಿಸೋಡ್ ಆದ ಮೇಲೆ ಆ ಒಂದು ದೊಡ್ಡ ಸುಳ್ಳನ್ನು ಒಂದೇ ವಾಕ್ಯದಲ್ಲಿ ಪುಟದ ಮೇಲ್ಭಾಗದಲ್ಲಿ ಬರೆದಿಡಿ.

'ಸೆವೆರೆನ್ಸ್' ಒಂದು ಕಂಪನಿಯ ಆಫೀಸಿನ ಕಥೆ. ಅದಕ್ಕೆ ನಾನು ಬರೆದದ್ದು: 'ಲಿಫ್ಟ್‌ನಲ್ಲಿ ಇಳಿದರೆ ಹೊರಗಿನ ಬದುಕು ಮರೆತುಹೋಗುತ್ತೆ, ಹತ್ತಿದರೆ ಒಳಗಿನದು.' ಇಷ್ಟೇ ಕಾನೂನು. ಮಿದುಳಿಗೆ ಒಂದು ಚಿಪ್ ಹಾಕಿ ನೆನಪನ್ನು ಹೀಗೆ ಎರಡು ಭಾಗ ಮಾಡೋಕಾಗುತ್ತಾ ಅಂತ ನಾನು ಕೇಳೋಕೆ ಹೋಗಲ್ಲ, ಅದು ಮಾಫಿ. ನಾನು ನೋಡೋದು, ಇದನ್ನು ಒಪ್ಪಿಕೊಂಡ ಮೇಲೆ ಏನೇನು ಆಗುತ್ತೆ ಅಂತ. ಒಳಗಿನವನಿಗೆ ರಾತ್ರಿಯೇ ಇಲ್ಲ ಅಲ್ವಾ, ಸಂಜೆ ಲಿಫ್ಟ್ ಹತ್ತಿದ ಮರುಕ್ಷಣವೇ ಬೆಳಗ್ಗೆ ಲಿಫ್ಟ್ ಇಳಿಯುತ್ತಾನೆ. ಅವನು ಒಂದು ದಿನವೂ ನಿದ್ದೆ ಮಾಡಿಲ್ಲ, ಮಾಡಿದ ನೆನಪಿಲ್ಲ. ಕೆಲಸ ಬಿಡ್ತೀನಿ ಅಂದರೆ, ಅವನ ಪಾಲಿಗೆ ಅದು ಸಾಯೋದೇ. ಇದೆಲ್ಲ ಆ ಒಂದು ವಾಕ್ಯದಿಂದ ಹುಟ್ಟಿದ್ದು, ಹೊಸ ಸುಳ್ಳು ಯಾವುದೂ ಬೇಕಾಗಲಿಲ್ಲ. ಒಳ್ಳೆಯ ಸೈ-ಫೈ ಅಂತ ನಾನು ಕರೆಯೋದು ಇದನ್ನೇ.

'ಫಾರ್ ಆಲ್ ಮ್ಯಾನ್‌ಕೈಂಡ್' ಕೂಡ ಹಾಗೇ. 1969ರಲ್ಲಿ ಚಂದ್ರನ ಮೇಲೆ ಮೊದಲು ಕಾಲಿಟ್ಟವರು ಸೋವಿಯತ್‌ನವರು. ಒಂದೇ ಬದಲಾವಣೆ. ಮಿಕ್ಕಿದ್ದೆಲ್ಲ ಅದರ ಬಾಲ ಹಿಡಿದುಕೊಂಡು ಬರುತ್ತೆ.

'ದ ಎಕ್ಸ್‌ಪ್ಯಾನ್ಸ್' ನೋಡಿದವರಿಗೆ ಇನ್ನೊಂದು ಮಜಾ ಇದೆ. ಅಲ್ಲಿ ಮೊದಲ ಸುಳ್ಳು ಅಂದರೆ ಬಾಹ್ಯಾಕಾಶ ಹಡಗಿನ ಇಂಜಿನ್, ತುಂಬಾ ಕಡಿಮೆ ಇಂಧನದಲ್ಲಿ ತುಂಬಾ ಹೊತ್ತು ಓಡುವ ಇಂಜಿನ್. (ಆಮೇಲೆ ಇನ್ನೊಂದು ವಸ್ತು ಬರುತ್ತೆ, ನೋಡದೇ ಇದ್ದವರಿಗಾಗಿ ಸುಮ್ಮನಿರ್ತೀನಿ.) ಆ ಇಂಜಿನ್ ಒಂದನ್ನು ಒಪ್ಪಿಕೊಂಡರೆ ಬಹಳಷ್ಟು ಭೌತಶಾಸ್ತ್ರ ಸರಿಯಾಗಿ ಕೂರುತ್ತೆ. ಹಡಗು ಮುಂದಕ್ಕೆ ನೂಕುವಾಗ ನೆಲ ಕಾಲಿಗೆ ಒತ್ತುತ್ತೆ, ಅದೇ ಅವರಿಗೆ ಗುರುತ್ವ. ಅದಕ್ಕೇ ಹಡಗಿನ ಒಳಗೆ ಮಹಡಿಗಳು ಎತ್ತರದ ಕಟ್ಟಡದ ಹಾಗೆ ಒಂದರ ಮೇಲೊಂದು. ಅರ್ಧ ದಾರಿಗೆ ಹಡಗನ್ನು ಹಿಂದುಮುಂದು ತಿರುಗಿಸಿ ಅದೇ ಇಂಜಿನ್‌ನಿಂದ ಬ್ರೇಕ್ ಹಾಕುತ್ತಾರೆ. ಜೋರಾಗಿ ಹೋಗಬೇಕಾದರೆ ದೇಹ ತಡೆಯಲಿ ಅಂತ ಔಷಧ ಚುಚ್ಚಿಸಿಕೊಳ್ಳುತ್ತಾರೆ. ಮೊದಲ ಎರಡು ಎಪಿಸೋಡ್‌ನಲ್ಲಿ ನನಗೆ ಇದ್ಯಾವುದೂ ತಲೆಗೆ ಹತ್ತಿರಲಿಲ್ಲ, ಸುಮ್ನೆ ಗಲಾಟೆ ಅನ್ನಿಸಿತ್ತು. ಕಾನೂನು ಗೊತ್ತಾದ ಮೇಲೆ ಹಡಗು ತಿರುಗಿದಾಗಲೆಲ್ಲ ಎದೆ ಢವಢವ. ಇದನ್ನೂ ಬರೆದಿಡಿ: ಯಾವಾಗ ಅರ್ಥವಾಯಿತು, ಅರ್ಥವಾದ ಮೇಲೆ ಏನು ಬದಲಾಯಿತು.

ಇದೇ ಅಳತೆಗೋಲು ಹಿಡಿದರೆ ಕೆಲವು ಸೀರೀಸ್ ಸಿಕ್ಕಿಬೀಳುತ್ತವೆ. ಮಂಗಳದಲ್ಲಿರುವವನು ಭೂಮಿಯಲ್ಲಿರುವ ಹೆಂಡತಿ ಜೊತೆ ಪಟಪಟ ಮಾತಾಡಿಬಿಟ್ಟರೆ ನನಗೆ ಅಲ್ಲೇ ಎಳೆ ತಪ್ಪುತ್ತೆ. ಗ್ರಹಗಳು ಎಲ್ಲೆಲ್ಲಿವೆ ಅನ್ನೋದರ ಮೇಲೆ, ಬೆಳಕಿಗೇ ಅಲ್ಲಿಂದ ಇಲ್ಲಿಗೆ ಬರೋಕೆ ಸುಮಾರು 3ರಿಂದ 22 ನಿಮಿಷ ಬೇಕು. ಆ ಕಾಯುವಿಕೆಯಲ್ಲೇ ಒಂದು ಒಳ್ಳೆ ದೃಶ್ಯ ಇತ್ತಲ್ಲಾ, ಬಿಟ್ಟುಬಿಟ್ಟರಲ್ಲಾ ಅಂತ ಹೊಟ್ಟೆ ಉರಿಯುತ್ತೆ. ಹಾಗಂತ ಬರೆಯಿರಿ. 'ವಿಜ್ಞಾನ ತಪ್ಪು' ಅನ್ನೋದಕ್ಕಿಂತ 'ಇಲ್ಲಿ ಒಂದು ಅವಕಾಶ ಕಳೆದರು' ಅನ್ನೋದು ಒಳ್ಳೆಯ ದೂರು.

ಜಾಗವನ್ನೂ ಓದಿ. 'ಸೈಲೋ'ದಲ್ಲಿ ಜನ ಇರೋದು ನೆಲದಡಿ 144 ಅಂತಸ್ತುಗಳಲ್ಲಿ, ಲಿಫ್ಟ್ ಇಲ್ಲ, ಬರೀ ಸುತ್ತು ಮೆಟ್ಟಿಲು. ಮೇಲಿನವರು ಕೆಳಗಿನವರ ಮುಖ ನೋಡೋದು ಯಾವಾಗಲೋ ಒಮ್ಮೆ. ಅಧಿಕಾರದ ಬಗ್ಗೆ ಯಾರೂ ಭಾಷಣ ಮಾಡಬೇಕಿಲ್ಲ, ಮೆಟ್ಟಿಲೇ ಹೇಳುತ್ತೆ.

ಪುಸ್ತಕ ಓದಿದ್ದರೆ, ಆಟ ಆಡಿದ್ದರೆ

'ಪುಸ್ತಕದ ಹಾಗೆ ಇಲ್ಲ.' ಈ ವಾಕ್ಯ ಬರೆಯೋ ಆಸೆ ಬಂದರೆ ಪೆನ್ನು ಕೆಳಗಿಡಿ. ಇಲ್ಲ ಅಂತ ಎಲ್ಲರಿಗೂ ಗೊತ್ತು. ಯಾಕೆ ಬದಲಾಯಿಸಿದರು, ಅದರಿಂದ ಏನು ಸಿಕ್ಕಿತು, ಏನು ಹೋಯಿತು, ಇದು ಬೇಕು.

ಅಸಿಮೋವ್‌ರ 'ಫೌಂಡೇಶನ್' ಕಥೆಗಳು ನೂರಾರು ವರ್ಷ ಹಾರಿಕೊಂಡು ಹೋಗುತ್ತವೆ, ಪಾತ್ರಗಳು ಬರುತ್ತವೆ, ಸತ್ತು ಹೋಗುತ್ತವೆ. ಓದೋಕೆ ಸರಿ. ಟಿವಿಗೆ ಅದು ಕಷ್ಟ, ವಾರಾ ವಾರಾ ಬರುವವರಿಗೆ ಗುರುತಿನ ಮುಖ ಬೇಕು. ಅದಕ್ಕೆ ಸೀರೀಸ್‌ನವರು ಪುಸ್ತಕದಲ್ಲಿ ಇಲ್ಲದ್ದೊಂದನ್ನು ತಂದರು: ಒಬ್ಬನೇ ಚಕ್ರವರ್ತಿಯ ತದ್ರೂಪಿಗಳು, ಬಾಲಕ, ನಡುವಯಸ್ಕ, ಮುದುಕ, ಮೂವರೂ ಒಟ್ಟಿಗೆ ಆಳುತ್ತಾರೆ, ಒಬ್ಬನಿಗೆ ವಯಸ್ಸಾದಂತೆ ಅವನ ಜಾಗಕ್ಕೆ ಮುಂದಿನವನು. ನೂರು ವರ್ಷ ಆದರೂ ಸಿಂಹಾಸನದ ಮೇಲೆ ಅದೇ ಲೀ ಪೇಸ್. ನಟನನ್ನು ಉಳಿಸಿಕೊಳ್ಳೋ ಉಪಾಯವೇ ಕಥೆಯ ಅತ್ಯಂತ ಒಳ್ಳೆಯ ಭಾಗ ಆಗಿಬಿಟ್ಟಿತು. ನಿಜ ಹೇಳಬೇಕು ಅಂದರೆ ನನಗೆ ಉಳಿದ ಭಾಗಗಳಿಗಿಂತ ಅರಮನೆಯ ದೃಶ್ಯಗಳೇ ಇಷ್ಟ, ಉಳಿದ ಕಡೆ ಫೋನ್ ಜಾಸ್ತಿ ಬಂದಿದೆ.

'ದ ಲಾಸ್ಟ್ ಆಫ್ ಅಸ್' ಮೂರನೇ ಎಪಿಸೋಡ್ ಇನ್ನೊಂದು ಉದಾಹರಣೆ. ಇದು ಬಂದದ್ದು 2013ರ ವಿಡಿಯೋ ಗೇಮ್‌ನಿಂದ. ಆ ಆಟದಲ್ಲಿ ಫ್ರಾಂಕ್ ಜೀವಂತ ಇರೋದನ್ನು ನಾವು ನೋಡೋದೇ ಇಲ್ಲ, ಬಿಲ್ ಸಿಡುಕಿನ ಒಂಟಿ ಮನುಷ್ಯ. ಸೀರೀಸ್‌ನಲ್ಲಿ ಅವರಿಬ್ಬರೂ ಜೊತೆಯಾಗಿ ಕಳೆದ ವರ್ಷಗಳಿಗೆ ಹೆಚ್ಚೂಕಡಿಮೆ ಇಡೀ ಎಪಿಸೋಡ್ ಕೊಟ್ಟರು. ಆಟ ಆಡಿದವರು ಒಂದು ಪುಟದಲ್ಲಿ ಎರಡು ಕಾಲಂ ಮಾಡಿ: 'ಆಡಿದ ನಾನು' ಮತ್ತು 'ನೋಡಿದ ನಾನು'. ಆಡಿದವನಿಗೆ ಸಿಟ್ಟು ಬಂದಿರಬಹುದು, ನೋಡಿದವನು ಅತ್ತಿರಬಹುದು. ಇಬ್ಬರೂ ನೀವೇ, ಒಬ್ಬರನ್ನು ಸುಮ್ಮನಿರಿಸಬೇಡಿ.

ತಪ್ಪು ಯಾರದು ಅಂತ ನೋಡಿಕೊಳ್ಳಿ

ಕೆಲವು ಸಲ ಸೀರೀಸ್ ಕೆಟ್ಟದಾಗಿರೋದಿಲ್ಲ, ನಾವು ಸುಸ್ತಾಗಿರ್ತೀವಿ. ಒಂದೇ ರಾತ್ರಿ ಆರು ಎಪಿಸೋಡ್ ನೋಡಿ ಆರನೆಯದು ಮಂಕು ಅಂದರೆ ಯಾರು ನಂಬಬೇಕು. ದಿನಾಂಕದ ಪಕ್ಕ ಎಷ್ಟು ಎಪಿಸೋಡ್ ಒಟ್ಟಿಗೆ ನೋಡಿದೆ ಅಂತ ಬರೆಯಿರಿ. ಒಂದೂವರೆ ಪಟ್ಟು ವೇಗದಲ್ಲಿ ನೋಡಿದ್ದರೆ ಅದನ್ನೂ ಬರೆಯಿರಿ, ನಾಚಿಕೆ ಬೇಡ, ಆದರೆ ಆಮೇಲೆ 'ಭಾವನೆ ಮೂಡಲಿಲ್ಲ' ಅನ್ನಬೇಡಿ. ಡಬ್ಬಿಂಗ್‌ನಲ್ಲಿ ನೋಡಿದರೆ ನಟನೆಯ ಬಗ್ಗೆ ಮಾತು ಕಡಿಮೆ ಮಾಡಿ, ನೀವು ಕೇಳಿದ ದನಿ ಆ ನಟರದಲ್ಲ.

ಮರೆವು ಇನ್ನೊಂದು. ಸೆವೆರೆನ್ಸ್ ಮೊದಲ ಸೀಸನ್ 2022ರ ಫೆಬ್ರವರಿಯಲ್ಲಿ ಶುರುವಾಯಿತು, ಎರಡನೆಯದು 2025ರ ಜನವರಿಯಲ್ಲಿ. ನಡುವೆ 2023ರಲ್ಲಿ ಹಾಲಿವುಡ್ ಬರಹಗಾರರ ಮುಷ್ಕರ 148 ದಿನ, ನಟರದು 118 ದಿನ, ಎಷ್ಟೋ ಸೀರೀಸ್‌ಗಳ ಕೆಲಸ ನಿಂತಿತು. ಅಷ್ಟು ಹೊತ್ತು ಬಿಟ್ಟು ನೋಡಿದರೆ 'ಯಾರಿವನು' ಅನ್ನಿಸೋದು ಸಹಜ. ಹಳೆಯ ಸೀಸನ್‌ನ ಕೊನೆಯ ಎಪಿಸೋಡ್ ಒಂದನ್ನಾದರೂ ಮತ್ತೆ ನೋಡಿ ಕೂರಿ. ಕಾಯುವಿಕೆ ಪರದೆಯ ಮೇಲೂ ಕಾಣುತ್ತೆ. 'ಸ್ಟ್ರೇಂಜರ್ ಥಿಂಗ್ಸ್' ಕಥೆ 1983ರಲ್ಲಿ ಶುರು, ಐದನೇ ಸೀಸನ್ ಬಹುಪಾಲು ನಡೆಯೋದು 1987ರಲ್ಲಿ. ಕಥೆಯೊಳಗೆ ನಾಲ್ಕು ವರ್ಷ. ಹೊರಗೆ 2016ರ ಜುಲೈನಿಂದ 2025ರ ಡಿಸೆಂಬರ್. ಮಕ್ಕಳಾಗಿ ಬಂದವರು ದೊಡ್ಡವರಾಗಿ ಹೋದರು. 'ಇವರು ಶಾಲೆ ಹುಡುಗರಾ?' ಅಂತ ನಗು ಬಂದರೆ ಬರೆಯಿರಿ, ಆದರೆ ಆ ನಗುವಿನ ಅಡಿಯಲ್ಲಿ ಇನ್ನೇನೋ ಇತ್ತಾ ಅಂತಲೂ ಒಮ್ಮೆ ನೋಡಿ. ನನಗೆ ಇತ್ತು. ನನಗೂ ಅಷ್ಟೇ ವರ್ಷ ಆಗಿದೆ ಅಂತ ಹೊಳೆದು ಸುಮ್ಮನಾದೆ.

ಬೇರೆಯವರಿಗೆ ಹೇಳುವಾಗ

ಒಮ್ಮೆ ಒಬ್ಬ ಗೆಳೆಯ 'ಕೊನೆಯ ಐದು ನಿಮಿಷ ಮಾತ್ರ ಮಿಸ್ ಮಾಡ್ಬೇಡ' ಅಂದ. ಕಥೆ ಏನೂ ಹೇಳಲಿಲ್ಲ, ಪಾಪ. ಆದರೆ ನಾನು ಆ ಎಪಿಸೋಡ್ ಪೂರ್ತಿ ಎಷ್ಟು ನಿಮಿಷ ಉಳಿದಿದೆ ಅಂತ ನೋಡ್ತಾ ಕೂತೆ. ನೆಮ್ಮದಿಯ ದೃಶ್ಯ ಬಂದರೂ ಅನುಮಾನ. ಅವತ್ತಿನಿಂದ ನನ್ನ ಲೆಕ್ಕದಲ್ಲಿ 'ಟ್ವಿಸ್ಟ್ ಇದೆ' ಅನ್ನೋದೂ ಸ್ಪಾಯ್ಲರ್ರೇ, ನೋಡುವ ಮಜಾ ಮೊದಲೇ ಕೆಡಿಸೋ ಮಾತು. ಹಾಗಾದರೆ ಏನು ಹೇಳೋದು? ಎಲ್ಲಿವರೆಗೆ ನೋಡಿದ್ದೀರಿ ಅಂತ ಮೊದಲೇ ಹೇಳಿ, ಆಮೇಲೆ ಕಥೆ ಬಿಟ್ಟು ಕಾನೂನಿನ ಬಗ್ಗೆ, ಸ್ವಭಾವದ ಬಗ್ಗೆ, ನಿಮ್ಮ ಬಗ್ಗೆ ಮಾತಾಡಿ.

'ಪ್ಲೂರಿಬಸ್' ಬಗ್ಗೆ ನಾನು ಬರೆದದ್ದು ಹೀಗಿತ್ತು: 'ಭೂಮಿಯ ಜನ ಹೆಚ್ಚೂಕಡಿಮೆ ಎಲ್ಲರೂ ಒಂದೇ ಮನಸ್ಸಾಗಿಬಿಟ್ಟಿದ್ದಾರೆ, ಎಲ್ಲರೂ ಖುಷಿ, ಎಲ್ಲರೂ ವಿನಯ. ಬೆರಳೆಣಿಕೆಯಷ್ಟು ಜನ ಮಾತ್ರ ಹೊರಗೆ ಉಳಿದಿದ್ದಾರೆ, ಅದರಲ್ಲಿ ಒಬ್ಬಳು ಸಿಡುಕಿನ ಕಾದಂಬರಿಕಾರ್ತಿ. ಅವಳು ಏನು ಕೇಳಿದರೂ ತಂದುಕೊಡುತ್ತಾರೆ, ವ್ಯಂಗ್ಯವಾಗಿ ಗ್ರೆನೇಡ್ ಕೇಳಿದರೆ ಅದನ್ನೂ. ಮೂರನೇ ಎಪಿಸೋಡ್ ಹೊತ್ತಿಗೆ ನಾನು ಅವಳ ಪಕ್ಷ ಬಿಟ್ಟು ಅವರ ಕಡೆ ವಾಲಿದ್ದೆ, ಯಾಕೋ ಗೊತ್ತಿಲ್ಲ, ಅವತ್ತು ಕೆಲಸದಲ್ಲಿ ಎಲ್ಲರ ಜೊತೆ ಜಗಳ ಆಡಿ ಬಂದಿದ್ದೆ.' ಇದನ್ನು ಓದಿದ ಇಬ್ಬರು ಸೀರೀಸ್ ಶುರುಮಾಡಿದರು. ಕಥೆ ಹಾಳಾಗಲಿಲ್ಲ.

'ಪರವಾಗಿಲ್ಲ, ನೋಡಬಹುದು, ಇಷ್ಟ ಇದ್ದವರಿಗೆ ಇಷ್ಟವಾಗಬಹುದು' ಅಂತ ಅಡ್ಡಗೋಡೆ ಮೇಲೆ ದೀಪ ಇಡಬೇಡಿ. ಇಷ್ಟ ಆಗಲಿಲ್ಲ ಅಂದರೆ ಆಗಲಿಲ್ಲ ಅನ್ನಿ. ಅರ್ಧಕ್ಕೆ ಬಿಟ್ಟರೆ ಎಷ್ಟನೇ ಎಪಿಸೋಡ್‌ಗೆ ಬಿಟ್ಟೆ ಅಂತ ಬರೆಯಿರಿ. ನಾನು ಯಾವುದಕ್ಕೂ ಮೂರು ಎಪಿಸೋಡ್ ಕೊಡ್ತೀನಿ, ಆಂಡೋರ್ ಕಲಿಸಿದ್ದು ಅದು. ಮೂರರಲ್ಲೂ ಮೊದಲ ಸಾಲು ಖಾಲಿ ಉಳಿದರೆ ನಾಲ್ಕನೆಯದು ಹಾಕೋದಿಲ್ಲ.

ಊಹೆಗಳನ್ನೂ ಬರೆದಿಡಿ, ತಪ್ಪಾದ ಮೇಲೆ ತಿದ್ದಬೇಡಿ. ಸೆವೆರೆನ್ಸ್ ಮೊದಲ ಎಪಿಸೋಡ್‌ನ ನನ್ನ ಮೂರನೇ ಸಾಲು, 'ಅಷ್ಟು ದೊಡ್ಡ ಕೋಣೆ, ಹಸಿರು ಕಾರ್ಪೆಟ್, ನಡುವೆ ನಾಲ್ಕೇ ಮೇಜು. ಅಷ್ಟೊಂದು ಖಾಲಿ ಜಾಗ ಯಾರಿಗೆ?' ಅದರ ಕೆಳಗೆ ಧೈರ್ಯವಾಗಿ ಒಂದು ಉತ್ತರ ಬರೆದಿದ್ದೆ, ಪೂರ್ತಿ ತಪ್ಪು. ಎರಡನೇ ಸೀಸನ್ ಮುಗಿದಾಗ ಅದರ ಕೆಳಗೆ ಇನ್ನೊಂದು ಉತ್ತರ ಬರೆದೆ. ಮೂರನೇ ಸೀಸನ್ ಬರುತ್ತೆ ಅಂತ ಹೇಳಿದ್ದಾರೆ, ಹಾಗಾಗಿ ಆ ಪುಟದಲ್ಲಿ ನಾಲ್ಕು ಗೆರೆ ಖಾಲಿ ಬಿಟ್ಟಿದ್ದೇನೆ.